ಶಂಖ ಕೇಳುತ್ತದೆ, ಮಾತು ತಿಳಿಯದು



‘ಕಿವುಡನ ಮುಂದೆ ಶಂಖ ಊದಿದಂತೆ’ ಎಂಬ ಗಾದೆಯನ್ನು ನಾವೆಲ್ಲರೂ ಬಳಸುತ್ತೇವೆ. ಕಿವುಡು ಎಂದರೆ ಯಾವ ಸದ್ದೂ ಕೇಳದ ಸ್ಥಿತಿ, ಶಂಖದಷ್ಟು ದೊಡ್ಡ ಧ್ವನಿಯೂ ಅಲ್ಲಿ ವ್ಯರ್ಥ ಎಂಬ ತಿಳಿವಳಿಕೆ ಈ ಗಾದೆಯ ಹಿಂದಿದೆ. ಆದರೆ ವಯಸ್ಸಾದಂತೆ ನಮ್ಮ ಮನೆಗಳ ಹಿರಿಯರಿಗೆ ಬರುವ ಕಿವಿಯ ಮಂದತನ ಈ ಬಗೆಯದಲ್ಲ. ಅವರಿಗೆ ಶಂಖ ಕೇಳುತ್ತದೆ, ಗುಡುಗು ಕೇಳುತ್ತದೆ, ಬೀದಿಯಲ್ಲಿ ಹಾದುಹೋಗುವ ಲಾರಿಯ ಸದ್ದೂ ಕೇಳುತ್ತದೆ. ಎದುರಿಗೆ ಕುಳಿತ ಮೊಮ್ಮಗಳು ಆಡಿದ ಮಾತು ಮಾತ್ರ ತಿಳಿಯುವುದಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ಮಾಡುವ ಖರ್ಚು ಮನೆಯ ಗದ್ದಲವನ್ನು ಹೆಚ್ಚಿಸುತ್ತದೆಯೇ ಹೊರತು ಹಿರಿಯರ ಸಂತೋಷವನ್ನಲ್ಲ.

ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯಿಂದ ಸೋದರಿಯೊಬ್ಬರು ಬರೆದಿರುವ ಪತ್ರವೇ ಈ ತಿಂಗಳ ಅಂಕಣಕ್ಕೆ ಕಾರಣ. ಅವರ ಮಾವನವರು ನಿವೃತ್ತ ಶಿಕ್ಷಕರು. ಭದ್ರಾವತಿ ಆಕಾಶವಾಣಿಯ ಬೆಳಗಿನ ಕಾರ್ಯಕ್ರಮ ಕೇಳುತ್ತಲೇ ಅವರ ದಿನ ಆರಂಭವಾಗುತ್ತಿತ್ತು; ಸಂಜೆಯಾದರೆ ಟೇಪ್‌ರೆಕಾರ್ಡರಿನಲ್ಲಿ ವಚನ ಗಾಯನ. ಕೆಲವು ವರ್ಷಗಳಿಂದ ಅವರಿಗೆ ಎಲ್ಲವನ್ನೂ ಜೋರಾಗಿ ಹಾಕಿಯೇ ಅಭ್ಯಾಸ. ಓದಲು ಕುಳಿತ ಮಕ್ಕಳಿಗೆ ತೊಂದರೆಯಾಗಿ ಮನೆಯಲ್ಲಿ ನಿತ್ಯವೂ ಸಣ್ಣಪುಟ್ಟ ಜಗಳ. ಒಂದು ದಿನ ಹಿರಿಯರು ತಾವೇ ಎದ್ದು ಹೋಗಿ ಗುಂಡಿ ಆರಿಸಿ, ‘ನನಗಿನ್ನು ಇದು ಬೇಡ’ ಎಂದರಂತೆ. ಅಂದಿನಿಂದ ಪಡಸಾಲೆಗೆ ಬಾರದೆ, ಕೆಮ್ಮಣ್ಣುಗುಂಡಿಯ ಕಡೆಗೆ ಹೋಗುವ ಬಸ್ಸುಗಳನ್ನು ನೋಡುತ್ತ ಜಗಲಿಯಲ್ಲಿ ಒಬ್ಬರೇ ಕುಳಿತಿರುತ್ತಾರೆ. ಬೆಂಗಳೂರಿನಲ್ಲಿರುವ ಮೈದುನರು ತಂದೆಗಾಗಿ 40,000 ರೂಪಾಯಿಯ ಒಂದು ಸ್ಟೀರಿಯೋ ಕಳುಹಿಸುವುದಾಗಿ ಹೇಳಿದ್ದಾರೆ. ‘ಎಷ್ಟು ವಾಟಿನದು ತರಿಸಿದರೆ ಮಾವನವರಿಗೆ ಕೇಳೀತು?’ ಎಂಬುದು ಸೋದರಿಯ ಪ್ರಶ್ನೆ.

ಪ್ರಶ್ನೆ ಸ್ಟೀರಿಯೋ ಕುರಿತದ್ದೇ ಆದರೂ ಪಣಕ್ಕಿರುವುದು ಪಡಸಾಲೆಯಲ್ಲಿ ಒಬ್ಬ ಹಿರಿಯರಿಗಿದ್ದ ಸ್ಥಾನ. ಆದ್ದರಿಂದ ಕೊಂಚ ವಿಸ್ತಾರವಾಗಿಯೇ ಉತ್ತರಿಸುತ್ತೇವೆ. ಇಂತಹ ಹಿರಿಯರು ನಮ್ಮ ಬಹುಪಾಲು ಮನೆಗಳಲ್ಲಿ ಇದ್ದಾರೆ.

ಸೇರು, ತೇರು, ಹೇರು

ಧ್ವನಿಯೆಂಬುದು ಕಂಪನ. ಒಂದು ಸೆಕೆಂಡಿಗೆ ಎಷ್ಟು ಕಂಪನಗಳೆಂಬುದನ್ನು ಹರ್ಟ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಡೋಲಿನ ಸದ್ದು, ಮಾತಿನ ಸ್ವರಾಕ್ಷರಗಳ ಬಲ ಹೆಚ್ಚಾಗಿ ತಗ್ಗಿನ ಕಂಪನಗಳಲ್ಲಿರುತ್ತದೆ. ಸ, ಶ, ತ, ಚ ಮೊದಲಾದ ವ್ಯಂಜನಗಳನ್ನು ಒಂದರಿಂದ ಒಂದನ್ನು ಬೇರೆ ಮಾಡುವ ಗುರುತುಗಳು ಬಹುಮಟ್ಟಿಗೆ 2000 ಹರ್ಟ್ಸ್‌ಗಿಂತ ಮೇಲಿನ ಎತ್ತರದ ಕಂಪನಗಳಲ್ಲಿರುತ್ತವೆ. ಅವು ಸ್ವಭಾವತಃ ಕ್ಷೀಣವೂ ಹೌದು. ವಯಸ್ಸಾದಂತೆ ಒಳಗಿವಿಯಲ್ಲಿ ಮೊದಲು ಸವೆಯುವುದು ಈ ಎತ್ತರದ ಕಂಪನಗಳನ್ನು ಗ್ರಹಿಸುವ ಸೂಕ್ಷ್ಮ ಕೋಶಗಳೇ. ಒಮ್ಮೆ ನಾಶವಾದ ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ.

ಇದರ ಪರಿಣಾಮವನ್ನು ಊಹಿಸಿ ನೋಡಿ. ‘ಸೇರು’, ‘ತೇರು’, ‘ಹೇರು’ ಈ ಮೂರು ಪದಗಳಲ್ಲಿ ಮೊದಲ ವ್ಯಂಜನವನ್ನು ಅಳಿಸಿದರೆ ಉಳಿಯುವುದು ಒಂದೇ ಧ್ವನಿ. ‘ಸಾಲ’ ಎಂದದ್ದು ‘ಕಾಲ’ ಎಂದು ಕೇಳಿಸಬಹುದು. ಹಿರಿಯರು ‘ಮಾತಾಡುತ್ತೀರೆಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ’ ಎನ್ನುವುದು ಇದಕ್ಕೇ. ಅದು ಅಲಕ್ಷ್ಯವೂ ಅಲ್ಲ, ಹಟವೂ ಅಲ್ಲ.

ಇದರ ಜೊತೆಗೆ ಇನ್ನೊಂದು ತೊಡಕು. ಮೆಲ್ಲಗೆ ಹೇಳಿದರೆ ಅವರಿಗೆ ಕೇಳುವುದಿಲ್ಲ. ತುಸು ಏರಿಸಿ ಹೇಳಿದರೆ ‘ಯಾಕೆ ಕಿರುಚುತ್ತೀ?’ ಎನ್ನುತ್ತಾರೆ. ಎಲ್ಲ ಮನೆಗಳಲ್ಲಿಯೂ ನಗೆಗೆ ಕಾರಣವಾಗುವ ಈ ಮಾತಿಗೆ ಶಾಸ್ತ್ರೀಯ ಕಾರಣವಿದೆ. ಒಳಗಿವಿ ಸವೆದವರಲ್ಲಿ ಕ್ಷೀಣ ಸದ್ದು ಕೇಳುವ ಮಟ್ಟ ಮೇಲೇರುತ್ತದೆ, ಆದರೆ ದೊಡ್ಡ ಸದ್ದನ್ನು ತಾಳುವ ಮಟ್ಟ ಮೇಲೇರುವುದಿಲ್ಲ. ಎರಡರ ನಡುವಿನ ಹಾದಿ ಕಿರಿದಾಗುತ್ತದೆ. ಹಿರಿಯರಿಗೆ ಹೊಂದುವ ಯಾವುದೇ ಸಾಧನ ಈ ಕಿರುದಾರಿಯಲ್ಲಿಯೇ ನಡೆಯಬೇಕು. ಗೋಡೆ ನಡುಗಿಸುವ ಸ್ಟೀರಿಯೋ ಈ ದಾರಿಯಲ್ಲಿ ಹಿಡಿಯುವುದಿಲ್ಲ.

ಮೊದಲ ಹಣ ಕಿವಿಗೆ

ಅಂಗಡಿಗೆ ಹೋಗುವ ಮೊದಲು ಆಸ್ಪತ್ರೆಗೆ ಹೋಗಬೇಕು. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕುಳಿತಿದ್ದರೂ ಕೇಳಿಸುವುದು ಮಂದವಾಗುತ್ತದೆ. ವೈದ್ಯರು ಅದನ್ನು ತೆಗೆದರೆ ಅರ್ಧ ಸಮಸ್ಯೆ ಅಲ್ಲಿಯೇ ತೀರುವುದುಂಟು. ಕಾಯಿಸಿದ ಎಣ್ಣೆ ಬಿಡುವುದು, ಕಡ್ಡಿ ಹಾಕುವುದು ಬೇಡ. ತಮಟೆ ತೂತಾಗಿದ್ದರೆ ಅದರಿಂದ ಹಾನಿಯೇ ಹೆಚ್ಚು. ಒಂದು ಕಿವಿ ಇದ್ದಕ್ಕಿದ್ದಂತೆ ಒಂದೆರಡು ದಿನಗಳಲ್ಲಿ ಕೇಳದಾದರೆ ಅದನ್ನು ವಯಸ್ಸಿನ ಲಕ್ಷಣವೆಂದು ಬಿಡಬಾರದು. ತಡಮಾಡದೆ ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಬೇಕು. ಮೊದಲ ದಿನಗಳಲ್ಲಿ ಚಿಕಿತ್ಸೆ ದೊರೆತರೆ ಗುಣವಾಗುವ ಸಂಭವ ಹೆಚ್ಚು.

ಅನಂತರ ಶ್ರವಣ ಪರೀಕ್ಷೆ. ಸದ್ದು ಹೊಕ್ಕದ ಕೋಣೆಯಲ್ಲಿ ಕೂರಿಸಿ, 250ರಿಂದ 8000 ಹರ್ಟ್ಸ್‌ವರೆಗಿನ ಬೇರೆ ಬೇರೆ ಕಂಪನಗಳಲ್ಲಿ ಎಷ್ಟು ಮೆಲ್ಲನೆಯ ಸದ್ದು ಕೇಳುತ್ತದೆಂದು ಎರಡೂ ಕಿವಿಗಳಿಗೆ ಪ್ರತ್ಯೇಕವಾಗಿ ಅಳೆದು ಒಂದು ನಕ್ಷೆ ಕೊಡುತ್ತಾರೆ. ಅದಕ್ಕೆ ಆಡಿಯೋಗ್ರಾಂ ಎಂದು ಹೆಸರು. ಸಾಮಾನ್ಯವಾಗಿ ಬಳಕೆಯಲ್ಲಿರುವ ಒಂದು ವರ್ಗೀಕರಣದಂತೆ 25 ಡೆಸಿಬೆಲ್‌ವರೆಗಿನ ಮಟ್ಟ ಸಹಜ. 26ರಿಂದ 40 ಅಲ್ಪ ದೋಷ. 41ರಿಂದ 70ರವರೆಗೆ ಮಧ್ಯಮ ಮತ್ತು ಅದಕ್ಕೂ ಹೆಚ್ಚಿನದು. 71ರಿಂದ ಮೇಲೆ ತೀವ್ರ. ಈ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಸ್ಟೀರಿಯೋ ಕೊಳ್ಳುವವರಿಗೆ ಅಂಗಡಿಯ ಯಾವ ಕರಪತ್ರಕ್ಕಿಂತಲೂ ಇದೇ ಹೆಚ್ಚು ಉಪಯುಕ್ತ. ದೋಷ ಅಲ್ಪವಾಗಿದ್ದರೆ ಸ್ಪೀಕರಿನ ಸ್ಥಾನ ಮತ್ತು ಧ್ವನಿಯ ಹದವನ್ನು ಸರಿಪಡಿಸಿಯೇ ಬಹಳಷ್ಟು ಸಾಧಿಸಬಹುದು. ಮಧ್ಯಮವಾಗಿದ್ದರೆ ಶ್ರವಣ ಸಾಧನ ಮೊದಲು, ಸ್ಟೀರಿಯೋ ಆಮೇಲೆ. ತೀವ್ರವಾಗಿದ್ದರೆ ಸ್ಪೀಕರನ್ನೇ ನಂಬದೆ, ಧ್ವನಿಯನ್ನು ನೇರವಾಗಿ ಶ್ರವಣ ಸಾಧನಕ್ಕೆ ತಲಪಿಸುವ ಏರ್ಪಾಡನ್ನು ಯೋಚಿಸಬೇಕು.

ನಮ್ಮ ನಾಡಿನವರು ಈ ವಿಷಯದಲ್ಲಿ ಭಾಗ್ಯವಂತರು. 1960ರ ದಶಕದ ಮಧ್ಯದಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇದೆ. ಅಷ್ಟು ದೂರ ಹೋಗಲಾಗದವರು ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಬಹುದು. ಶ್ರವಣ ಸಾಧನಕ್ಕೆ ಹಣದ ಅಡಚಣೆಯಿದ್ದವರಿಗೆ 1981ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯೂ, ಬಡ ಹಿರಿಯ ನಾಗರಿಕರಿಗಾಗಿ 2017ರಲ್ಲಿ ಬಂದ ರಾಷ್ಟ್ರೀಯ ವಯೋಶ್ರೀ ಯೋಜನೆಯೂ ಇವೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಅರ್ಹತೆಯ ವಿವರಗಳನ್ನು ಕೇಳಿ ತಿಳಿಯಬಹುದು.

ವಾಟಿನ ಲೆಕ್ಕ

ಈಗ ಸೋದರಿಯ ಪ್ರಶ್ನೆಗೆ ಬರೋಣ. ಎಷ್ಟು ವಾಟು? ಅಂಗಡಿಯವರು 50 ವಾಟಿನದನ್ನು ತೋರಿಸಿ, ಇನ್ನಷ್ಟು ಹಣ ಕೊಟ್ಟರೆ 100 ವಾಟಿನದು ದೊರೆಯುತ್ತದೆ ಎನ್ನುತ್ತಾರೆ. ಸದ್ದು ಎರಡರಷ್ಟಾಗುತ್ತದೆಂದು ನಾವು ನಂಬುತ್ತೇವೆ. ನಿಜದಲ್ಲಿ ವಿದ್ಯುತ್ ಶಕ್ತಿ ಎರಡು ಪಟ್ಟಾದರೆ ಧ್ವನಿ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಅದು ಅಲ್ಪ ಏರಿಕೆಯಷ್ಟೆ. ಸದ್ದು ಎರಡರಷ್ಟಾಯಿತೆಂದು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಸಾಮಾನ್ಯ ಪಡಸಾಲೆಯಲ್ಲಿ ಹಿತವಾಗಿ ಸಂಗೀತ ಕೇಳುವಾಗ ಸ್ಪೀಕರು ಬಳಸುವ ಶಕ್ತಿ ಬಹಳ ಹೊತ್ತು ಒಂದೆರಡು ವಾಟನ್ನೂ ದಾಟುವುದಿಲ್ಲ.

ಒಂದು ಕಾಲದಲ್ಲಿ ಟೂ-ಇನ್-ಒನ್ ಪೆಟ್ಟಿಗೆಗಳ ಮೇಲೆ ‘1000 ವಾಟ್ ಪಿ.ಎಂ.ಪಿ.ಓ.’ ಎಂದು ಕೆಂಪಕ್ಷರದಲ್ಲಿ ಅಚ್ಚುಹಾಕಿರುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಅದು ಕ್ಷಣಮಾತ್ರದ ತುದಿಯ ಲೆಕ್ಕ, ಬಳಕೆಗೆ ಬರುವುದಲ್ಲ. ಇಂದಿಗೂ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ಬಿಟ್ಟು ‘ಆರ್.ಎಂ.ಎಸ್.’ ಎಂದಿರುವ ಸಣ್ಣ ಅಂಕಿಯನ್ನೇ ನೋಡಬೇಕು. ಎರಡು ಒಳ್ಳೆಯ ಸ್ಪೀಕರುಗಳಿದ್ದರೆ ಒಂದೊಂದಕ್ಕೆ 20ರಿಂದ 30 ವಾಟು ಆರ್.ಎಂ.ಎಸ್. ಇದ್ದರೂ ಲಿಂಗದಹಳ್ಳಿಯ ಪಡಸಾಲೆಗೆ ಧಾರಾಳವಾಯಿತು. ಉಳಿದ ಹಣಕ್ಕೆ ಬೇರೆ ಸಾರ್ಥಕ ದಾರಿಗಳಿವೆ.

ಕುರ್ಚಿ, ಗೋಡೆ, ಜಮಖಾನ

ಖರ್ಚಿಲ್ಲದ ಉಪಾಯವನ್ನು ಮೊದಲು ಹೇಳುತ್ತೇವೆ. ಸ್ಪೀಕರಿನಿಂದ ಮೂರು ಮೀಟರು ದೂರದಲ್ಲಿರುವ ಕುರ್ಚಿಯನ್ನು ಒಂದೂವರೆ ಮೀಟರಿಗೆ ಸರಿಸಿ. ಸ್ಪೀಕರಿನಿಂದ ನೇರವಾಗಿ ಕಿವಿಗೆ ಬರುವ ಧ್ವನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಇದು ನಾಲ್ಕು ಪಟ್ಟು ವಾಟು ಹೆಚ್ಚಿಸಿದ್ದಕ್ಕೆ ಸಮ. ಅಷ್ಟೇ ಅಲ್ಲ, ಗೋಡೆಗಳಿಗೆ ಬಡಿದು ಮರಳುವ ಮಾರ್ದನಿಗಿಂತ ನೇರ ಧ್ವನಿ ಮುಂದಾಗುವುದರಿಂದ ಅಕ್ಷರಗಳು ಬಿಡಿಬಿಡಿಯಾಗಿ ತಿಳಿಯುತ್ತವೆ. ಒಳಕೋಣೆಯಲ್ಲಿ ಓದುವ ಮಕ್ಕಳಿಗೆ ತೊಂದರೆಯೂ ಹೆಚ್ಚುವುದಿಲ್ಲ.

ಮಾರ್ದನಿಯ ವಿಷಯದಲ್ಲಿ ನಮ್ಮ ಹಳೆಯ ಮನೆಗಳೇ ವಾಸಿ. ಹೆಂಚಿನ ಮಾಡು, ಮರದ ಅಟ್ಟ, ಮೂಲೆಯಲ್ಲಿ ಒಟ್ಟಿದ ಅಡಿಕೆ ಚೀಲಗಳು, ಮಡಿಸಿಟ್ಟ ಕಂಬಳಿ-ಹಾಸಿಗೆಗಳು ಇವೆಲ್ಲ ಸದ್ದನ್ನು ಹೀರುತ್ತಿದ್ದವು, ಇಲ್ಲವೆ ಚೆದುರಿಸುತ್ತಿದ್ದವು. ಅದನ್ನು ಕೆಡವಿ ಕಟ್ಟಿದ ತಾರಸಿ ಮನೆಯಲ್ಲಿ ಗೋಡೆ ನುಣುಪು, ನೆಲಕ್ಕೆ ಗ್ರಾನೈಟು, ಕಿಟಕಿಗೆ ಗಾಜು. ಪಡಸಾಲೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ಬಾಲದಂತೆ ಎಳೆದುಕೊಂಡು ಹೋದರೆ ಅಲ್ಲಿ ಎಳೆಯ ಕಿವಿಗಳಿಗೂ ಮಾತು ಸ್ಪಷ್ಟವಾಗಿರುವುದಿಲ್ಲ. ಮಂದವಾದ ಕಿವಿಯಂತೂ ಸೋಲುತ್ತದೆ. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ಭಾರವಾದ ಪರದೆ, ಖಾಲಿ ಗೋಡೆಗೆ ಪುಸ್ತಕದ ಕಪಾಟು, ದಿವಾನದ ಮೇಲೆ ಹತ್ತಿಯ ಹಾಸಿಗೆ ಇವು ದುಬಾರಿ ಯಂತ್ರಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತವೆ.

ಸ್ಪೀಕರುಗಳನ್ನು ಬೀರುವಿನ ಮೇಲೆ ಏರಿಸುವ ಅಥವಾ ನೆಲದ ಮೇಲೆ ಇಡುವ ರೂಢಿ ಬಿಡಬೇಕು. ಎತ್ತರದ ಕಂಪನಗಳು ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತವೆ. ಸ್ಪೀಕರಿನಲ್ಲಿರುವ ಸಣ್ಣ ಟ್ವೀಟರು ಕುಳಿತವರ ಕಿವಿಯ ಎತ್ತರಕ್ಕೆ, ಅವರ ಕಡೆಗೇ ಮುಖ ಮಾಡಿರಬೇಕು. ಮೂಲೆಯಲ್ಲಿಟ್ಟರೆ ತಗ್ಗಿನ ಸದ್ದು ಉಬ್ಬಿ, ಬೇಕಾದ ವ್ಯಂಜನಗಳನ್ನು ಮುಚ್ಚಿಬಿಡುತ್ತದೆ. ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ಇಡಿ.

ಕೊಳ್ಳುವಾಗ ನೋಡಬೇಕಾದುದು

ಮೊದಲನೆಯದು, ಧ್ವನಿಯ ಹದ ಮಾಡುವ ಸೌಲಭ್ಯ. ಬೇಸ್ ಮತ್ತು ಟ್ರೆಬಲ್ ಎರಡಕ್ಕೂ ಪ್ರತ್ಯೇಕ ತಿರುಗುಣಿಗಳಿರಬೇಕು; ಐದೋ ಏಳೋ ಪಟ್ಟಿಗಳ ಈಕ್ವಲೈಸರ್ ಇದ್ದರೆ ಮತ್ತೂ ಒಳ್ಳೆಯದು. ಮೊದಲು ಬೇಸ್ ಇಳಿಸಿ ನೋಡಿ. ತಗ್ಗಿನ ಸದ್ದು ಬಲವಾಗಿದ್ದರೆ ಮೇಲಿನ ಸದ್ದನ್ನು ಮುಚ್ಚುತ್ತದೆಂಬುದು ಶ್ರವಣ ಶಾಸ್ತ್ರದ ಸಿದ್ಧ ಸಂಗತಿ. ಅನಂತರ 2000ದಿಂದ 4000 ಹರ್ಟ್ಸ್‌ನ ಭಾಗವನ್ನು ಸ್ವಲ್ಪಸ್ವಲ್ಪವಾಗಿ ಏರಿಸಿ. ಹಿರಿಯರು ಮುಖ ಸಿಂಡರಿಸಿದರೆ ಅಲ್ಲಿಗೇ ನಿಲ್ಲಿಸಿ. ಪೂರ್ತಿ ಸವೆದ ಕೋಶಗಳಿರುವ ಕಡೆ ಎಷ್ಟು ಏರಿಸಿದರೂ ಕಿರಿಕಿರಿಯೇ ಹೊರತು ಸ್ಪಷ್ಟತೆ ಬಾರದು. ‘ಲೌಡ್‌ನೆಸ್’, ‘ಬೇಸ್ ಬೂಸ್ಟ್’ ಎಂಬ ಗುಂಡಿಗಳನ್ನು ಆರಿಸಿಡಿ. ಬೇಸಿಗೆಂದೇ ಇರುವ ಸಬ್‌ವೂಫರ್ ಪೆಟ್ಟಿಗೆಗಾಗಿ ಹಣ ಕೊಡಬೇಕಾದ ಅಗತ್ಯವಿಲ್ಲ.

ಎರಡನೆಯದು, ಮೋನೋ ಸೌಲಭ್ಯ. ಸ್ಟೀರಿಯೋ ಎಂದರೆ ಎಡ-ಬಲಗಳಲ್ಲಿ ಬೇರೆ ಬೇರೆ ಧ್ವನಿ. ಒಂದು ಕಿವಿ ಬಹಳ ಮಂದವಾಗಿರುವವರು ಹೆಡ್‌ಫೋನಿನಲ್ಲಿ ಕೇಳಿದಾಗ ಆ ಬದಿಯ ವಾದ್ಯಗಳೇ ಮಾಯವಾಗುತ್ತವೆ. ಎರಡನ್ನೂ ಸೇರಿಸಿ ಕೊಡುವ ‘ಮೋನೋ’ ಗುಂಡಿ ಹಳೆಯ ಆಂಪ್ಲಿಫೈಯರುಗಳಲ್ಲಿ ಇರುತ್ತಿತ್ತು. ಇಂದಿನ ಮೊಬೈಲ್ ಫೋನುಗಳಲ್ಲಿಯೂ ಶ್ರವಣ ಸಹಾಯದ ಸೆಟ್ಟಿಂಗುಗಳಲ್ಲಿ ‘ಮೋನೋ ಆಡಿಯೋ’ ಎಂಬುದಿದೆ.

ಮೂರನೆಯದು, ಸದ್ದಿನ ಏರಿಳಿತವನ್ನು ತಗ್ಗಿಸುವ ಸೌಲಭ್ಯ. ಟಿ.ವಿ.ಯಲ್ಲಿ ಮಾತು ಮೆಲ್ಲಗಿದ್ದು ಜಾಹೀರಾತು ಬಂದಕೂಡಲೇ ಸದ್ದು ಎರಗುವುದನ್ನು ಎಲ್ಲರೂ ಬಲ್ಲರು. ‘ನೈಟ್ ಮೋಡ್’ ಮೊದಲಾದ ಹೆಸರಿನಲ್ಲಿರುವ ಏರ್ಪಾಡು ಮೆಲ್ಲನೆಯದನ್ನು ಎತ್ತಿ, ದೊಡ್ಡದನ್ನು ತಗ್ಗಿಸುತ್ತದೆ. ನಾವು ಮೇಲೆ ಹೇಳಿದ ಕಿರುದಾರಿಗೆ ಇದು ಹೇಳಿ ಮಾಡಿಸಿದಂತಿದೆ. ತೆಳುವಾದ ಟಿ.ವಿ.ಗಳಲ್ಲಿ ಸ್ಪೀಕರು ಹಿಂದಕ್ಕೋ ಕೆಳಕ್ಕೋ ಮುಖ ಮಾಡಿರುವುದರಿಂದ ಮಾತು ಮಸುಕಾಗುತ್ತದೆ. ಟಿ.ವಿ.ಯ ಧ್ವನಿಯನ್ನೂ ಸ್ಟೀರಿಯೋಗೆ ಸೇರಿಸುವುದು, ಇಲ್ಲವೆ ಮಾತನ್ನು ಮುಂದುಮಾಡುವ ‘ಡೈಲಾಗ್’ ಅಥವಾ ‘ವಾಯ್ಸ್’ ಸೌಲಭ್ಯವಿರುವ ಸೌಂಡ್‌ಬಾರ್ ಕೊಳ್ಳುವುದು ಲೇಸು.

ನಾಲ್ಕನೆಯದು, ಸರಳತೆ. ದೊಡ್ಡ ತಿರುಗುಣಿ, ಕಣ್ಣಿಗೆ ಕಾಣುವ ಅಕ್ಷರ, ಒಂದು ಗುಂಡಿ ಒತ್ತಿದರೆ ಒಂದು ಕೆಲಸ. ಮೊಮ್ಮಗ ಬಂದು ಹಾಕಿಕೊಟ್ಟರೆ ಮಾತ್ರ ನಡೆಯುವ ಯಂತ್ರ ಹಿರಿಯರನ್ನು ಇನ್ನಷ್ಟು ಪರಾಧೀನರನ್ನಾಗಿ ಮಾಡುತ್ತದೆ.

ಲಿಂಗದಹಳ್ಳಿಯಂತಹ ಊರಿನವರು ಇನ್ನೆರಡು ಸಂಗತಿ ಗಮನಿಸಬೇಕು. ಅಗ್ಗದ ಇನ್ವರ್ಟರುಗಳು ಕೊಡುವ ವಿದ್ಯುತ್ತಿನಿಂದ ಆಂಪ್ಲಿಫೈಯರಿನಲ್ಲಿ ‘ಗುಂಯ್’ ಎಂಬ ಸದ್ದು ಸೇರಿಕೊಳ್ಳುವುದುಂಟು; ‘ಸೈನ್ ವೇವ್’ ಮಾದರಿಯದಾದರೆ ಈ ತೊಂದರೆ ಕಡಿಮೆ. ಸಿಡಿಲಿನ ದಿನಗಳಲ್ಲಿ ಪ್ಲಗ್ ಕಿತ್ತಿಡುವುದನ್ನು ಮರೆಯಬಾರದು. ಮಳೆಗಾಲದ ಶೀತಕ್ಕೆ ಶ್ರವಣ ಸಾಧನಗಳು ಬೇಗ ಕೆಡುತ್ತವೆ; ತೇವ ಹೀರುವ ಹರಳುಗಳಿರುವ ಡಬ್ಬಿಯಲ್ಲಿ ರಾತ್ರಿ ಇಟ್ಟರೆ ಬಾಳಿಕೆ ಹೆಚ್ಚು.

ಶ್ರವಣ ಸಾಧನವೂ ಸಂಗೀತವೂ

ಶ್ರವಣ ಸಾಧನವನ್ನು ಮುಖ್ಯವಾಗಿ ಮಾತಿಗಾಗಿ ರೂಪಿಸಿರುತ್ತಾರೆ. ಒಂದೇ ಸಮನೆ ಹರಿಯುವ ಸದ್ದನ್ನು ಅದು ಗದ್ದಲವೆಂದು ತಿಳಿದು ತಗ್ಗಿಸುತ್ತದೆ. ಹೀಗಾಗಿ ತಂಬೂರಿಯ ಶ್ರುತಿ ಕುಗ್ಗಬಹುದು. ಕೊಳಲಿನ ದೀರ್ಘ ಸ್ವರವನ್ನು ತನ್ನದೇ ಸಿಳ್ಳೆಯೆಂದು ಭಾವಿಸಿ ಕೆಡಿಸುವುದೂ ಉಂಟು. ಆದ್ದರಿಂದ ಸಂಗೀತಪ್ರಿಯರು ಸಾಧನ ಕೊಳ್ಳುವಾಗ ‘ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಕೊಡಿ’ ಎಂದು ಶ್ರವಣ ತಜ್ಞರನ್ನು ಬಾಯಿಬಿಟ್ಟು ಕೇಳಬೇಕು. ತಮಗೆ ಪ್ರಿಯವಾದ ಗಾಯನವನ್ನು ಮೊಬೈಲಿನಲ್ಲಿ ಒಯ್ದು ಅಲ್ಲಿಯೇ ಕೇಳಿ ನೋಡಬೇಕು. ಸಾಧನವೇ ಎತ್ತರದ ಕಂಪನಗಳನ್ನು ಏರಿಸುತ್ತಿರುವಾಗ ಸ್ಟೀರಿಯೋದಲ್ಲಿಯೂ ಟ್ರೆಬಲ್ ಏರಿಸಿದರೆ ಎರಡು ಪಟ್ಟು ಉಪ್ಪು ಹಾಕಿದಂತಾಗುತ್ತದೆ. ಸಾಧನ ಹಾಕಿಕೊಂಡು ಕೇಳುವವರು ಸ್ಟೀರಿಯೋವನ್ನು ಸಮನಾಗಿಯೇ ಇಡಲಿ.

ಬ್ಲೂಟೂತ್ ಇರುವ ಶ್ರವಣ ಸಾಧನಗಳು ಫೋನಿನಿಂದ, ಕೆಲವು ಬಾರಿ ಒಂದು ಸಣ್ಣ ಪೆಟ್ಟಿಗೆಯ ಮೂಲಕ ಟಿ.ವಿ.ಯಿಂದಲೂ ಧ್ವನಿಯನ್ನು ನೇರವಾಗಿ ಪಡೆಯುತ್ತವೆ. ಆಗ ಕೋಣೆಯ ಮಾರ್ದನಿಯ ಸಮಸ್ಯೆಯೇ ಇಲ್ಲ. ಸಾಧನ ಕೊಳ್ಳುವ ಮೊದಲೇ ಇದನ್ನು ವಿಚಾರಿಸಿಕೊಂಡರೆ ಮುಂದೆ ಎರಡು ಖರ್ಚು ತಪ್ಪುತ್ತದೆ.

ಸಾಧನ ಬೇಡವೆನ್ನುವವರಿಗೆ ನಿಸ್ತಂತು ಹೆಡ್‌ಫೋನು ಒಂದು ದಾರಿ. ಮನೆಯವರು ತಮ್ಮ ಹದದಲ್ಲಿ, ಹಿರಿಯರು ತಮ್ಮ ಹದದಲ್ಲಿ ಒಂದೇ ಧಾರಾವಾಹಿಯನ್ನು ನೋಡಬಹುದು. ಆದರೆ ಹೆಡ್‌ಫೋನು ಸೇರಿಸಿದಾಗಲೂ ಟಿ.ವಿ.ಯ ಸ್ಪೀಕರು ನುಡಿಯುತ್ತದೆಯೇ, ಚಿತ್ರದ ತುಟಿಗೂ ಮಾತಿಗೂ ಹೊಂದಿಕೆಯಿದೆಯೇ ಎಂಬುದನ್ನು ಅಂಗಡಿಯಲ್ಲಿಯೇ ಪರೀಕ್ಷಿಸಿ. ಉಳಿದಿರುವ ಶ್ರವಣ ಶಕ್ತಿಯನ್ನು ಕಾಪಾಡುವುದೂ ಮುಖ್ಯ. ವಾರಕ್ಕೆ 40 ಗಂಟೆಗಳಾದರೆ 80 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತದೆ. ಅಲ್ಲದೆ ಇಡೀ ದಿನ ಹೆಡ್‌ಫೋನಿನಲ್ಲಿ ಮುಳುಗಿದವರು ಮನೆಯವರ ಮಾತಿನಿಂದ ಮತ್ತೆ ದೂರವೇ. ಅದು ರಾತ್ರಿ ಹೊತ್ತಿಗೆ, ಮಕ್ಕಳ ಪರೀಕ್ಷೆಯ ದಿನಗಳಿಗೆ ಇರಲಿ.

ಆಯ್ಕೆ ಯಾರದು?

ಕಿವಿ ಮಂದವಾದವರಿಗೆ ಧ್ವನಿಯ ಗುಣ ಏನು ತಿಳಿದೀತು, ನಾವೇ ಆರಿಸಿ ತಂದರಾಯಿತು ಎಂದು ಮಕ್ಕಳು ಭಾವಿಸುತ್ತಾರೆ. ಈ ಭಾವನೆಗೆ ಚರಿತ್ರೆಯೇ ಉತ್ತರ ಕೊಟ್ಟಿದೆ. 1877ರಲ್ಲಿ ಫೋನೋಗ್ರಾಫನ್ನು ನಿರ್ಮಿಸಿ ಮನುಷ್ಯನ ಧ್ವನಿಯನ್ನು ಮೊತ್ತಮೊದಲು ಹಿಡಿದು ಮತ್ತೆ ಕೇಳಿಸಿದ ಥಾಮಸ್ ಆಲ್ವಾ ಎಡಿಸನ್ ಬಾಲ್ಯದಿಂದಲೂ ಕಿವಿ ಮಂದವಾಗಿದ್ದವರು. ಯಂತ್ರದ ಮರದ ಭಾಗವನ್ನು ಹಲ್ಲಿನಿಂದ ಕಚ್ಚಿ ಹಿಡಿದು, ತಲೆಬುರುಡೆಯ ಮೂಲಕ ಬರುವ ಕಂಪನದಿಂದ ಅವರು ಸಂಗೀತವನ್ನು ಪರೀಕ್ಷಿಸುತ್ತಿದ್ದರು. ನಾವಿಂದು ಕೇಳುವ ಎಲ್ಲ ಧ್ವನಿಯಂತ್ರಗಳ ಮೂಲಪುರುಷರಿಗೇ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ.

ಆದ್ದರಿಂದ ಮೈದುನರು ಬೆಂಗಳೂರಿನಿಂದ ಪೆಟ್ಟಿಗೆ ಕಳುಹಿಸುವುದು ಬೇಡ. ತಂದೆಯವರನ್ನೇ ತರೀಕೆರೆಗೋ ಶಿವಮೊಗ್ಗಕ್ಕೋ ಅಂಗಡಿಗೆ ಕರೆದೊಯ್ಯಲಿ. ಮೂರು ಬಗೆಯ ಧ್ವನಿಗಳನ್ನು ಜೊತೆಗೆ ಒಯ್ಯಿರಿ: ಒಂದು ವಾರ್ತಾವಾಚನ, ಒಂದು ವಚನ ಗಾಯನ, ಒಂದು ಚಲನಚಿತ್ರ ಗೀತೆ. ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಅವರನ್ನು ಕೂರಿಸಿ, ವಾರ್ತೆಯ ಒಂದೊಂದು ವಾಕ್ಯದ ನಂತರ ನಿಲ್ಲಿಸಿ, ಕೇಳಿದ್ದನ್ನು ಹೇಳುವಂತೆ ವಿನಂತಿಸಿ. ಹತ್ತು ವಾಕ್ಯಗಳಲ್ಲಿ ಎಷ್ಟು ಸರಿಯಾಗಿ ಬಂದವೆಂದು ಬರೆದುಕೊಳ್ಳಿ. ಎರಡು ಯಂತ್ರಗಳನ್ನು ಹೋಲಿಸುವಾಗ ಎರಡರ ಸದ್ದೂ ಸಮನಾಗಿರಲಿ. ಇಲ್ಲದಿದ್ದರೆ ಹೆಚ್ಚು ಸದ್ದಿನದೇ ಹೆಚ್ಚು ಒಳ್ಳೆಯದೆಂಬ ಭ್ರಮೆ ಹುಟ್ಟುತ್ತದೆ. ‘ಜೋರಾಗಿದೆಯೇ?’ ಎಂದು ಕೇಳಬೇಡಿ, ‘ತಿಳಿಯುತ್ತದೆಯೇ?’ ಎಂದು ಕೇಳಿ.

ಕೇಳುವ ಧ್ವನಿಮುದ್ರಣದ ಆಯ್ಕೆಯಲ್ಲಿಯೂ ವಿವೇಕವಿರಲಿ. ಪಂಡಿತ ಮಲ್ಲಿಕಾರ್ಜುನ ಮನಸೂರ (1910–1992) ಅವರ ವಚನ ಗಾಯನದಂತೆ ಒಂದೇ ಕಂಠ, ಹಿತಮಿತವಾದ ಪಕ್ಕವಾದ್ಯ ಇರುವ ಸಂಗೀತ ಮಂದವಾದ ಕಿವಿಗೆ ಸುಲಭವಾಗಿ ಒಲಿಯುತ್ತದೆ. ಹತ್ತಾರು ವಾದ್ಯಗಳು ಒಟ್ಟಿಗೆ ಮೊಳಗುವ ಹಾಡಿನಲ್ಲಿ ಸಾಹಿತ್ಯ ಮುಳುಗಿಹೋಗುತ್ತದೆ. ಮೀಡಿಯಂ ವೇವ್ ರೇಡಿಯೋದಲ್ಲಿ ಸುಮಾರು 5000 ಹರ್ಟ್ಸ್‌ಗಿಂತ ಮೇಲಿನ ಧ್ವನಿ ಬರುವುದೇ ಇಲ್ಲ, ಎಫ್.ಎಂ. ಪ್ರಸಾರದಲ್ಲಿ 15,000 ಹರ್ಟ್ಸ್‌ವರೆಗೆ ಬರುತ್ತದೆ. ಗುಡ್ಡ ಅಡ್ಡವಾಗಿ ಎಫ್.ಎಂ. ಸರಿಯಾಗಿ ಸಿಗದ ಮನೆಯವರು ಆಕಾಶವಾಣಿಯ ಮೊಬೈಲ್ ಆಪ್‌ನಲ್ಲಿ ಅನೇಕ ಕೇಂದ್ರಗಳನ್ನು ಕೇಳಬಹುದು. ಹಳೆಯ ಕ್ಯಾಸೆಟ್ಟುಗಳಲ್ಲಿ ‘ಸುಯ್’ ಎಂಬ ಸದ್ದು ಎತ್ತರದ ಕಂಪನಗಳಲ್ಲಿಯೇ ಇರುವುದರಿಂದ ಟ್ರೆಬಲ್ ಏರಿಸಿದಂತೆ ಅದೂ ಏರುತ್ತದೆ. ಅವೇ ಗಾಯನಗಳ ಶುದ್ಧ ಪ್ರತಿಗಳು ದೊರೆತರೆ ಅವನ್ನು ಬಳಸಿ.

ಯಂತ್ರ ಮಾಡದ ಕೆಲಸ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಶ್ರವಣ ದೋಷವನ್ನು ಅಲಕ್ಷಿಸಿದರೆ ಕಷ್ಟ ಕಿವಿಗಷ್ಟೇ ಸೀಮಿತವಾಗಿ ನಿಲ್ಲುವುದಿಲ್ಲ. ಮರೆಗುಳಿ ರೋಗವನ್ನು ಕುರಿತ ಲ್ಯಾನ್ಸೆಟ್ ಆಯೋಗದ 2020 ಮತ್ತು 2024ರ ವರದಿಗಳು, ತಡೆಯಲು ಅಥವಾ ತಗ್ಗಿಸಲು ಸಾಧ್ಯವಿರುವ ಅಪಾಯ ಕಾರಣಗಳಲ್ಲಿ ಶ್ರವಣ ದೋಷವನ್ನೂ ಎಣಿಸಿವೆ. ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಪ್ರಮಾಣದ ಶ್ರವಣ ದೋಷವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತಿಳಿಸಿತು. ಇದು ನಾಚಿಕೆಪಡುವ ಸಂಗತಿಯಲ್ಲ, ನಗೆಯಾಡುವ ಸಂಗತಿ ಮೊದಲೇ ಅಲ್ಲ.

ಹಿರಿಯರೊಡನೆ ಮಾತನಾಡುವಾಗ ಮೊದಲು ಅವರನ್ನು ಕರೆದು, ಅವರು ತಿರುಗಿ ನೋಡಿದ ಮೇಲೆ ವಿಷಯ ಹೇಳಿ. ಬೆಳಕು ನಿಮ್ಮ ಮುಖದ ಮೇಲಿರಲಿ. ಕೂಗಬೇಡಿ, ಕೂಗಿದರೆ ಸ್ವರಾಕ್ಷರಗಳು ಹಿಗ್ಗಿ ವ್ಯಂಜನಗಳು ಇನ್ನೂ ಮಸುಕಾಗುತ್ತವೆ. ನಿಧಾನವಾಗಿ, ಬಿಡಿಸಿ ಹೇಳಿ. ಒಂದು ಮಾತು ಎರಡು ಬಾರಿಗೂ ತಿಳಿಯದಿದ್ದರೆ ಅದನ್ನೇ ಮೂರನೆಯ ಬಾರಿ ಒತ್ತಿ ಹೇಳದೆ ಬೇರೆ ಪದಗಳಲ್ಲಿ ಹೇಳಿ. ಮಿಕ್ಸಿ, ಟಿ.ವಿ. ನಡೆಯುತ್ತಿರುವಾಗ ಮುಖ್ಯ ಮಾತು ಬೇಡ. ‘ಏನಿಲ್ಲ, ಬಿಡಿ’ ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸುವ ಅಭ್ಯಾಸವನ್ನಂತೂ ಇಂದೇ ಬಿಡಬೇಕು. ಅನೇಕ ಹಿರಿಯರು ಪಡಸಾಲೆಯಿಂದ ಎದ್ದು ಜಗಲಿಗೆ ಹೋಗುವುದು ಈ ಎರಡು ಪದಗಳನ್ನು ಕೇಳಿಯೇ.

ಲಿಂಗದಹಳ್ಳಿಯ ಸೋದರಿಗೆ ನಮ್ಮ ಸಲಹೆಯ ಸಾರ ಹೀಗಿದೆ: ಮೊದಲು ಕಿವಿಯ ಪರೀಕ್ಷೆ, ಬೇಕಿದ್ದರೆ ಶ್ರವಣ ಸಾಧನ, ಬಳಿಕ ಪಡಸಾಲೆಗೆ ಜಮಖಾನ-ಪರದೆ, ಮಾವನವರಿಗೆ ಸ್ಪೀಕರಿನ ಸಮೀಪ ಒಂದು ಕುರ್ಚಿ, ಕೊನೆಗೆ, ಉಳಿದ ಹಣದಲ್ಲಿ ಅವರೇ ಕೇಳಿ ಆರಿಸಿದ ಒಂದು ಸರಳವಾದ ಸ್ಟೀರಿಯೋ. ಮನೆಗೆ ತಂದ ದಿನ ಅದರ ತಿರುಗುಣಿಯನ್ನು ಮೊದಲು ಅವರ ಕೈಗೇ ಕೊಡಿ.